ವಸ್ತ್ರ ವ್ಯಾಪಾರದ ಲೆಕ್ಕದಲ್ಲಿ ಕಾಣದ ವಿನ್ಯಾಸಕಾರ

2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಪ್ರಖ್ಯಾತ ಸಂಸ್ಥೆಯು ತನ್ನ ಪುರುಷರ ಉಡುಪುಗಳ ಪ್ರದರ್ಶನದಲ್ಲಿ ಉಂಗುಟದ ಬಳೆಯುಳ್ಳ ಚರ್ಮದ ಚಪ್ಪಲಿಗಳನ್ನು ಪ್ರದರ್ಶಿಸಿತು. ಅವು ಕೊಲ್ಹಾಪುರಿ ಚಪ್ಪಲಿಗಳೇ ಎಂಬುದನ್ನು ಗುರುತಿಸಲು ಈ ಭಾಗದ ಯಾರಿಗೂ ಕಷ್ಟವಾಗಲಿಲ್ಲ. ಆದರೆ ಸಂಸ್ಥೆಯು ಆರಂಭದಲ್ಲಿ ಆ ಹೆಸರನ್ನಾಗಲಿ, ಅದನ್ನು ತಯಾರಿಸುವ ಜನರನ್ನಾಗಲಿ ಎಲ್ಲಿಯೂ ಪ್ರಸ್ತಾಪಿಸಿರಲಿಲ್ಲ. ಟೀಕೆಗಳು ಹೆಚ್ಚಾದ ನಂತರ, ಭಾರತದ ಪಾರಂಪರಿಕ ಕೈಕಸುಬಿನ ಪಾದರಕ್ಷೆಗಳೇ ತನಗೆ ಪ್ರೇರಣೆ ಎಂದು ಅದು ಪತ್ರ ಬರೆದು ಒಪ್ಪಿಕೊಂಡಿತು. ಆ ಪತ್ರವನ್ನು ಬರೆದುದು ಸರ್ಕಾರಕ್ಕಲ್ಲ, ನ್ಯಾಯಾಲಯಕ್ಕೂ ಅಲ್ಲ. ಮಹಾರಾಷ್ಟ್ರದ ವಾಣಿಜ್ಯ, ಕೈಗಾರಿಕೆ ಮತ್ತು ಕೃಷಿ ಮಂಡಳಿಗೆ. ವಿಷಯವನ್ನು ಹಿಡಿದು ಪ್ರಶ್ನಿಸಿದ್ದು ವರ್ತಕರ ಸಂಸ್ಥೆಯೊಂದು ಎಂಬ ಅಂಶವು ವ್ಯಾಪಾರಸ್ಥರ ಗಮನಕ್ಕೆ ವಿಶೇಷವಾಗಿ ಬರಬೇಕಾದುದಾಗಿದೆ.

ಮುಂದೆ 2025ರ ಡಿಸೆಂಬರ್‌ನಲ್ಲಿ ಅದೇ ಸಂಸ್ಥೆಯು ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, ಈ ಎರಡು ರಾಜ್ಯಗಳಲ್ಲಿ 2,000 ಜೋಡಿಗಳನ್ನು ತಯಾರಿಸಿ, ಜೋಡಿಯೊಂದಕ್ಕೆ ಸುಮಾರು 800 ಯೂರೋ ಬೆಲೆಗೆ ಮಾರುವುದಾಗಿ ಪ್ರಕಟಿಸಿತು. ಕರ್ನಾಟಕದ ನಿಗಮಕ್ಕೆ ಇದರಲ್ಲಿ ಸ್ಥಾನ ಹೇಗೆ ದೊರೆಯಿತೆಂಬುದು ವಿಜಯಪುರದ ಅನೇಕ ವರ್ತಕರಿಗೆ ತಿಳಿದಂತಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕವು ಎಂಟು ಜಿಲ್ಲೆಗಳಿಗೆ ಅನ್ವಯಿಸುತ್ತದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳು ಒಂದು ಕಡೆಯಾದರೆ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರಗಳು ಇನ್ನೊಂದು ಕಡೆ. ಅಂದರೆ ಈ ಜಿಲ್ಲೆಯ ಸಮಗಾರನೊಬ್ಬನು ವಿಧಿಬದ್ಧವಾಗಿ ಮಾಡಿದ ಚಪ್ಪಲಿಯು ಕಾನೂನಿನ ದೃಷ್ಟಿಯಲ್ಲಿ ಕೊಲ್ಹಾಪುರದ ಪೇಟೆಯಲ್ಲಿ ಮಾಡಿದ ಚಪ್ಪಲಿಗೆ ಸಮಾನವಾದ ಹಕ್ಕನ್ನು ಹೊಂದಿದೆ. ಆ ಹಕ್ಕನ್ನು ಬಳಸಲು ಅಧಿಕೃತ ಬಳಕೆದಾರನೆಂದು ಹೆಸರು ನೋಂದಾಯಿಸಬೇಕು. ಅದರ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಲಾಗಿದೆ. ಹತ್ತು ರೂಪಾಯಿಯ ಈ ಹಕ್ಕಿನ ವಿಷಯವನ್ನು ತಮಗೆ ಮಾಲು ತಂದುಕೊಡುವ ಕುಶಲಕರ್ಮಿಗೆ ತಿಳಿಸಿಕೊಟ್ಟ ಅಂಗಡಿಕಾರರು ಎಷ್ಟು ಮಂದಿ ಎಂದು ವಿಚಾರಿಸಬಹುದಾಗಿದೆ.

ಇಲ್ಲಿ ಪ್ರಾಡಾವನ್ನು ದೂರುವುದು ಸುಲಭ. ಆದರೆ ಮಿಲಾನಿನಲ್ಲಿ ನಡೆದುದು ವಿಜಯಪುರದ ಪೇಟೆಯಲ್ಲಿಯೂ ನಡೆಯುತ್ತದೆ, ಅಲ್ಪ ಪ್ರಮಾಣದಲ್ಲಿ, ಸದ್ದಿಲ್ಲದೆ. ಹುಡುಗಿಯೊಬ್ಬಳು ತಾನೇ ರೂಪಿಸಿದ ನಾಲ್ಕು ಕುರ್ತಾಗಳನ್ನು ಮಾದರಿಯೆಂದು ಅಂಗಡಿಯೊಂದಕ್ಕೆ ಒಪ್ಪಿಸುತ್ತಾಳೆ. "ನೋಡೋಣ, ಇಟ್ಟು ಹೋಗಮ್ಮ" ಎಂಬ ಉತ್ತರ ದೊರೆಯುತ್ತದೆ. ಕೆಲವು ವಾರಗಳ ನಂತರ ಅದೇ ಹೂಬಳ್ಳಿ, ಅದೇ ಬಣ್ಣದ ಜೋಡಣೆ ಸೂರತ್‌ನ ಪಾಲಿಯೆಸ್ಟರಿನ ಮೇಲೆ ಮುದ್ರಿತವಾಗಿ ಬಂದು ಅದೇ ಅಂಗಡಿಯಲ್ಲಿ ತೂಗಾಡುತ್ತದೆ. ಇದನ್ನು ಕಳ್ಳತನವೆಂದು ಪೇಟೆಯಲ್ಲಿ ಯಾರೂ ಕರೆಯುವುದಿಲ್ಲ. "ಡಿಸೈನ್ ಬಂತು" ಎನ್ನುತ್ತಾರೆ. ಡಿಸೈನ್ ಎಲ್ಲಿಂದಲೋ ತಾನಾಗಿ ಬರುವ ವಸ್ತು, ಅದಕ್ಕೆ ಕರ್ತೃವಿಲ್ಲ, ಆದ್ದರಿಂದ ಬೆಲೆಯೂ ಇಲ್ಲ ಎಂಬ ಈ ತಿಳಿವಳಿಕೆಯೇ ವಸ್ತ್ರ ವ್ಯಾಪಾರದ ಲೆಕ್ಕಪತ್ರದಲ್ಲಿರುವ ದೊಡ್ಡ ದೋಷವಾಗಿದೆ. ಬಟ್ಟೆ, ದಾರ, ಹೊಲಿಗೆ, ಸಾಗಾಣಿಕೆ, ಬಾಡಿಗೆ ಎಲ್ಲಕ್ಕೂ ಒಂದೊಂದು ಖಾತೆಯುಂಟು. ವಿನ್ಯಾಸಕ್ಕೆ ಮಾತ್ರ ಖಾತೆಯಿಲ್ಲ.

ಈ ದೋಷದ ಫಲವನ್ನು ಅನುಭವಿಸುತ್ತಿರುವವನು ವರ್ತಕನೇ. ಸೂರತ್, ಅಹಮದಾಬಾದ್, ಇಚಲಕರಂಜಿಗಳಿಂದ ಬರುವ ಮಾಲು ವಿಜಯಪುರದ ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲಿ ಸಿಗುವಂತೆಯೇ ಕಲಬುರಗಿಯಲ್ಲಿಯೂ ಸೊಲ್ಲಾಪುರದಲ್ಲಿಯೂ ಸಿಗುತ್ತದೆ, ಗಿರಾಕಿಯ ಕೈಯಲ್ಲಿರುವ ಮೊಬೈಲಿನಲ್ಲಿಯೂ ಸಿಗುತ್ತದೆ. ಒಂದೇ ಮಾಲು ಎಲ್ಲ ಕಡೆಯೂ ಇರುವಾಗ ದರವೊಂದೇ ಸ್ಪರ್ಧೆಯ ಆಧಾರವಾಗುತ್ತದೆ. ದರದ ಸ್ಪರ್ಧೆಯಲ್ಲಿ ಜಿಲ್ಲಾ ಕೇಂದ್ರದ ಅಂಗಡಿಯು ದೊಡ್ಡ ಆನ್‌ಲೈನ್ ಕಂಪನಿಯನ್ನು ಸೋಲಿಸಿದ ಉದಾಹರಣೆ ಅಪರೂಪ. ಬೇರೆಡೆ ದೊರೆಯದ ಮಾಲನ್ನು ಇಡುವುದು ಉಳಿದಿರುವ ಒಂದು ದಾರಿ. ಅಂತಹ ಮಾಲನ್ನು ಕೊಡಬಲ್ಲವರು ಸ್ವತಂತ್ರ ವಿನ್ಯಾಸಕಾರರು ಮತ್ತು ಅವರ ಕಲ್ಪನೆಯನ್ನು ಸಾಕಾರಗೊಳಿಸುವ ಕೈಗಳು.

ಕೈಗಳಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ವಿಜಯಪುರದಿಂದ ಅಥಣಿಯ ರಸ್ತೆ ಹಿಡಿದು ತಿಕೋಟಾ ದಾಟುವವರಿಗೆ, ಬಬಲೇಶ್ವರದ ಸುತ್ತ ತಿರುಗುವವರಿಗೆ ಲಂಬಾಣಿ ತಾಂಡಾಗಳು ಕಾಣುತ್ತವೆ. ತಾಂಡಾದ ಹಿರಿಯ ಹೆಣ್ಣುಮಕ್ಕಳ ಫೇಟಿಯಾ ಮತ್ತು ಕಾಂಚಳಿಗಳಲ್ಲಿರುವ ಕನ್ನಡಿ, ಕವಡೆ, ನಾಣ್ಯ ಮತ್ತು ದಾರದ ಕೆಲಸವು ಕೇವಲ ಅಲಂಕಾರವಲ್ಲ. ಕಿಲನ್, ವೇಲೆ, ಬಕ್ಯಾ, ಮಕಿ, ಸೂರ್ಯಕಾಂತಿ ಮಕಿ ಎಂದು ಒಂದೊಂದು ಹೊಲಿಗೆಗೂ ಹೆಸರಿದೆ, ಕ್ರಮವಿದೆ. ಇದನ್ನು ಧಾರವಾಡದ ಕಸೂತಿಯೊಂದಿಗೆ ಕಲಸಬಾರದು. ಅದು ನೂಲೆಳೆಗಳನ್ನು ಎಣಿಸಿ ಮಾಡುವ ಬೇರೆಯೇ ಕಲೆ. ಪೇಟೆಯಲ್ಲಿ ಎಲ್ಲವನ್ನೂ ಕಸೂತಿ ಎಂದೇ ಕರೆಯುವ ರೂಢಿ ಬಿದ್ದಿದ್ದು, ಅದನ್ನು ಬಿಡಿಸುವುದು ಈಗ ಸಾಧ್ಯವಿರಲಾರದು.

ಈ ಕೈಗೆಲಸಕ್ಕೆ ಮಾರುಕಟ್ಟೆಯಿದೆಯೇ ಎಂಬ ಸಂದೇಹಕ್ಕೆ ಉತ್ತರ ಸಂಡೂರಿನಲ್ಲಿದೆ. 1988ರಲ್ಲಿ ಪ್ರಾರಂಭವಾದ ಸಂಡೂರು ಕುಶಲ ಕಲಾ ಕೇಂದ್ರವು ಲಂಬಾಣಿ ಹೊಲಿಗೆಯನ್ನು ಹಳೆಯ ಉಡುಪಿನಿಂದ ಹೊರತಂದು ಚೀಲ, ದಿಂಬಿನ ಚೀಲ, ಕುರ್ತಾಗಳ ಮೇಲೆ ಕೂರಿಸಿತು. ಯುನೆಸ್ಕೊದ ಮನ್ನಣೆ ಬಂದಿತು, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕವೂ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ, ಆ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ಕೈಹೊಲಿಗೆಯ ತುಂಡುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ನೆರೆಯ ತಮಿಳುನಾಡಿನ ಸಿತ್ತಿಲಿಂಗಿ ಕಣಿವೆಯಲ್ಲಿ ಪೋರ್ಗಾಯ್ ಎಂಬ ಹೆಸರಿನಲ್ಲಿ ಲಂಬಾಡಿ ಮಹಿಳೆಯರೇ ಕಟ್ಟಿಕೊಂಡ ಸಂಘವಿದೆ. ವಿಜಯಪುರದಲ್ಲಿಯೇ 2017ರಲ್ಲಿ ಬಂಜಾರಾ ಕಸೂತಿ ಎಂಬ ಲಾಭರಹಿತ ಸಂಸ್ಥೆ ಹುಟ್ಟಿ, ತಾಂಡಾಗಳ ಮಹಿಳೆಯರಿಂದ ಸೀರೆ, ಜಾಕೀಟು, ಚೀಲಗಳ ಮೇಲೆ ಕೆಲಸ ಮಾಡಿಸಿ ದೊಡ್ಡ ನಗರಗಳ ಪ್ರದರ್ಶನಗಳಿಗೆ ಒಯ್ಯುತ್ತಿದೆ.

ಇವೆಲ್ಲವೂ ಸೇವಾ ಸಂಸ್ಥೆಗಳ ಸಾಧನೆಗಳು ಎಂಬುದನ್ನು ಗಮನಿಸಬೇಕು. ವರ್ತಕ ಸಮುದಾಯವು ಇಂತಹ ಕಾರ್ಯವನ್ನು ದಾನಧರ್ಮದ ಪಟ್ಟಿಗೆ ಸೇರಿಸಿ, ಉದ್ಘಾಟನೆಗೆ ಹೋಗಿ ಹಾರ ಹಾಕಿಸಿಕೊಂಡು ಬರುವುದರಲ್ಲಿಯೇ ತೃಪ್ತಿ ಪಡೆದಿದೆ. ತಿಕೋಟಾದ ಒಣದ್ರಾಕ್ಷಿಯ ಕಥೆ ಇಲ್ಲಿ ನೆನಪಾಗದೆ ಇರದು. ಬೆಳೆ ಇಲ್ಲಿಯದು, ಬೆವರು ಇಲ್ಲಿಯದು. ಆದರೆ ಬಹುಕಾಲ ಮಾಲು ಹೋಗಿ ಬೀಳುತ್ತಿದ್ದುದು ತಾಸಗಾಂವ ಮತ್ತು ಸಾಂಗಲಿಯ ಪೇಟೆಗಳಿಗೆ, ದರ ನಿಗದಿಯಾಗುತ್ತಿದ್ದುದೂ ಅಲ್ಲಿಯೇ, ಪೆಟ್ಟಿಗೆಯ ಮೇಲಿನ ಹೆಸರೂ ಅಲ್ಲಿಯದೇ. ತಾಂಡಾದ ಸೂಜಿಯ ಕೆಲಸಕ್ಕೂ ಅದೇ ಗತಿ ಬರುವ ಲಕ್ಷಣಗಳಿವೆ. ಬೆಂಗಳೂರು, ಮುಂಬೈಗಳ ವಿನ್ಯಾಸಕಾರರು ನೇರವಾಗಿ ಬಂದು ಕೂಲಿ ಕೊಟ್ಟು ಕೆಲಸ ಮಾಡಿಸಿಕೊಂಡು ಹೋದರೆ ಅದು ತಪ್ಪಲ್ಲ. ಆದರೆ ನಡುವಿನಲ್ಲಿ ವಿಜಯಪುರದ ವ್ಯಾಪಾರಕ್ಕೆ ಯಾವ ಪಾತ್ರವೂ ಉಳಿಯುವುದಿಲ್ಲ.

ವಿನ್ಯಾಸಕಾರ ಮತ್ತು ಕುಶಲಕರ್ಮಿ ಕೂಡಿದಾಗ ಏನಾಗುತ್ತದೆಂಬುದಕ್ಕೆ ಅಥಣಿಯ ನಿದರ್ಶನ ಅತ್ಯಂತ ಸಮೀಪದ್ದು. 1990ರ ದಶಕದ ಕೊನೆಯಲ್ಲಿ ಅಲ್ಲಿಯ ಚಪ್ಪಲಿ ಕುಶಲಕರ್ಮಿಗಳಿಗೆ ತರಬೇತಿ ಮತ್ತು ಹೊಸ ವಿನ್ಯಾಸಗಳ ನೆರವು ದೊರೆತು, ಟೋಹೋಲ್ಡ್ ಎಂಬ ಹೆಸರಿನಲ್ಲಿ ಸ್ವಂತ ಬ್ರಾಂಡು ರೂಪುಗೊಂಡು ಮಾಲು ವಿದೇಶಗಳಿಗೆ ಹೋಯಿತು. ಅಳತೆಯ ಪ್ರಮಾಣೀಕರಣ ಅದರ ಒಂದು ಮುಖ್ಯ ಅಂಶ. ಎಡಗಾಲು ಬಲಗಾಲು ಸರಿಯಾಗಿ ಹೊಂದದ ಚಪ್ಪಲಿಯನ್ನು ಎಷ್ಟು ಸುಂದರವಾಗಿದ್ದರೂ ಹೊರದೇಶದವರು ಕೊಳ್ಳುವುದಿಲ್ಲ. ಇನ್ನೊಂದು ನಿದರ್ಶನ ಪಟ್ಟೆದ ಅಂಚು ಸೀರೆಯದು. ಸವದತ್ತಿ ಎಲ್ಲಮ್ಮನ ಪರಂಪರೆಯೊಂದಿಗೆ ನಂಟುಳ್ಳ, ಮಾಸಿಹೋಗಿದ್ದ ಈ ಚೌಕುಳಿ ಸೀರೆಯನ್ನು ಜವಳಿ ಸಂಶೋಧಕಿ ಹೇಮಲತಾ ಜೈನ್ ಅವರು ಹುಡುಕಿ, ಗಜೇಂದ್ರಗಡದ ಭಾಗದ ನೇಕಾರರಿಂದ ಮತ್ತೆ ನೇಯಿಸಿ ಮಾರುಕಟ್ಟೆಗೆ ತಂದರು. ಆ ಸೀರೆಯನ್ನು ಮೊದಲು ಗುರುತಿಸಬಹುದಾಗಿದ್ದವರು ಉತ್ತರ ಕರ್ನಾಟಕದ ಸೀರೆ ವರ್ತಕರು. ಗುರುತಿಸಲಿಲ್ಲ.

ಇನ್ನು ಲೆಕ್ಕದ ವಿಷಯಕ್ಕೆ ಬರುವುದಾದರೆ, ಕೈಕೆಲಸದ ಜಾಕೀಟೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಕಿಗಳು ಕಲ್ಪಿತ, ವಿಧಾನ ಮಾತ್ರ ನಿಜ. ಬಟ್ಟೆ, ದಾರ, ಕನ್ನಡಿ, ಕವಡೆಗಳಿಗೆ 350 ರೂ. ಮೂರು ದಿನಗಳ ಕೈಹೊಲಿಗೆಗೆ ದಿನಕ್ಕೆ 400ರಂತೆ 1,200 ರೂ. ದರ್ಜಿಯ ಕೂಲಿ 200 ರೂ. ವಿನ್ಯಾಸಕಾರನಿಗೆ 200 ಉಡುಪುಗಳ ಒಂದು ಸಂಗ್ರಹಕ್ಕೆ 40,000 ರೂ. ಕೊಟ್ಟರೆ ಉಡುಪೊಂದಕ್ಕೆ 200 ರೂ. ಬೀಳುತ್ತದೆ. ಸಾಗಾಣಿಕೆ ಮತ್ತು ಕೆಟ್ಟುಹೋದ ಮಾಲಿನ ಬಾಬ್ತು 100 ರೂ. ಒಟ್ಟು 2,050 ರೂ. ಮಾರಾಟದ ಮೇಲೆ ಶೇ. 30ರ ಅಂತರವಿಲ್ಲದೆ ನಿಧಾನವಾಗಿ ಹೋಗುವ ಇಂತಹ ಮಾಲನ್ನು ಅಂಗಡಿಯಲ್ಲಿ ಇಡಲಾಗದು. ಆಗ ಮಾರಾಟದ ಬೆಲೆ ಸುಮಾರು 2,930 ರೂ. ಆಗುತ್ತದೆ.

ತೆರಿಗೆಯ ತೊಡಕು ಇಲ್ಲಿಯೇ ಎದುರಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳಂತೆ 2,500 ರೂ. ವರೆಗಿನ ಸಿದ್ಧ ಉಡುಪಿಗೆ ಶೇ. 5, ಅದನ್ನು ಮೀರಿದರೆ ಶೇ. 18. ಅದಕ್ಕೆ ಹಿಂದೆ 1,000 ರೂ. ಮೀರಿದ ಉಡುಪಿಗೆ ಶೇ. 12 ಇದ್ದಿತು. ಕಾರ್ಖಾನೆಯ ಅಂಗಿಗೆ ಈ ಬದಲಾವಣೆ ವರದಾನವೇ ಆಗಿದೆ. ಆದರೆ ಮೇಲೆ ಹೇಳಿದ ಜಾಕೀಟಿನ ಮೇಲಿನ ತೆರಿಗೆ 352ರಿಂದ 527 ರೂ. ಗೆ ಏರಿತು. ವಿನ್ಯಾಸಕಾರನಿಗೆ ಉಡುಪೊಂದಕ್ಕೆ 200 ರೂ. ಕೊಡಲು ಹಿಂದೆ ಮುಂದೆ ನೋಡುವ ಪೇಟೆಯು ಈ 175 ರೂಪಾಯಿಯ ಏರಿಕೆಯನ್ನು ಮಾತಿಲ್ಲದೆ ಕಟ್ಟುತ್ತಿದೆ. ಇದರಲ್ಲಿ ಮತ್ತೊಂದು ವಿಚಿತ್ರವಿದೆ. ಇಳಕಲ್ ಸೀರೆಯು ಎಷ್ಟು ಸಾವಿರದ್ದಾದರೂ ಬಟ್ಟೆಯೆಂದು ಪರಿಗಣಿತವಾಗಿ ಶೇ. 5ರಲ್ಲಿಯೇ ಉಳಿಯುತ್ತದೆ. ಅದೇ ಸೀರೆಯನ್ನು ವಿನ್ಯಾಸಕಾರನು ಕತ್ತರಿಸಿ ಜಾಕೀಟು ಮಾಡಿದೊಡನೆ, ಬೆಲೆ 2,500 ದಾಟಿದ್ದರೆ, ಶೇ. 18 ಆಗುತ್ತದೆ. ಕತ್ತರಿಗೆ ಇಷ್ಟು ದಂಡವೇಕೆ ಎಂಬುದನ್ನು ವಾಣಿಜ್ಯ ಸಂಸ್ಥೆಗಳು ಜಿ.ಎಸ್.ಟಿ. ಮಂಡಳಿಯ ಮುಂದೆ ಲಿಖಿತವಾಗಿ ಕೇಳಬೇಕಾಗಿದೆ. ಕೈಯಿಂದ ಕಸೂತಿ ಮಾಡಿದ ಸಿದ್ಧ ಉಡುಪಿಗೆ ಬೆಲೆಯ ಮಿತಿಯಿಲ್ಲದೆ ಶೇ. 5ರ ದರ ಕೇಳುವುದು ನ್ಯಾಯವಾದ ಬೇಡಿಕೆಯೇ ಆಗಿದೆ. ಅಲ್ಲಿಯವರೆಗೆ ಚಿಕ್ಕ ಉಡುಪು, ಕಡಿಮೆ ದಿನಗಳ ಹೊಲಿಗೆ, 2,500ರ ಒಳಗಿನ ಬೆಲೆ ಎಂದು ವಿನ್ಯಾಸವನ್ನೇ ಯೋಜಿಸುವುದು ವ್ಯವಹಾರ ಜಾಣ್ಮೆ. ಇದನ್ನು ವಿನ್ಯಾಸಕಾರರಿಗೆ ಮೊದಲೇ ಹೇಳಬೇಕಾದವನು ವರ್ತಕ, ಏಕೆಂದರೆ ಅವರ ಪಠ್ಯದಲ್ಲಿ ತೆರಿಗೆಯ ಪಾಠವಿರುವುದು ಕಡಿಮೆ.

ವಿನ್ಯಾಸದ ಒಡೆತನದ ಬಗೆಗೂ ಪೇಟೆಯಲ್ಲಿ ತಪ್ಪು ತಿಳಿವಳಿಕೆಗಳಿವೆ. 2000ನೇ ಇಸವಿಯ ವಿನ್ಯಾಸಗಳ ಕಾಯಿದೆಯಡಿ ನೋಂದಾಯಿಸಿದ ಹೊಸ ವಿನ್ಯಾಸಕ್ಕೆ ಹತ್ತು ವರ್ಷಗಳ ರಕ್ಷಣೆಯಿದ್ದು, ಅದನ್ನು ಇನ್ನೈದು ವರ್ಷ ವಿಸ್ತರಿಸಬಹುದು. ನೋಂದಣಿಗೆ ಮೊದಲೇ ಪ್ರದರ್ಶಿಸಿ, ವಾಟ್ಸಾಪಿನಲ್ಲಿ ಚಿತ್ರ ಹಂಚಿ, ಆಮೇಲೆ ಅರ್ಜಿ ಹಾಕಿದರೆ ಅದು ಹೊಸದೆನಿಸುವುದಿಲ್ಲ. ನೋಂದಣಿ ಮಾಡಿಸದೆ ಕೃತಿಸ್ವಾಮ್ಯವೊಂದನ್ನೇ ನಂಬಿದವರಿಗೆ ಇನ್ನೊಂದು ಅಪಾಯವಿದೆ. ವಿನ್ಯಾಸವನ್ನು ಕೈಗಾರಿಕಾ ಕ್ರಮದಲ್ಲಿ ಐವತ್ತಕ್ಕಿಂತ ಹೆಚ್ಚು ಬಾರಿ ಉತ್ಪಾದಿಸಿದೊಡನೆ ಆ ಸ್ವಾಮ್ಯ ಅಳಿಯುತ್ತದೆ. ಹಣ ಕೊಟ್ಟು ಮಾಡಿಸಿದ ವಿನ್ಯಾಸವು, ವಿರುದ್ಧವಾದ ಕರಾರಿಲ್ಲದಿದ್ದರೆ, ಮಾಡಿಸಿದವನಿಗೇ ಸೇರುತ್ತದೆ ಎಂಬ ನಿಯಮವೂ ಅದೇ ಕಾಯಿದೆಯಲ್ಲಿದೆ. ಹೀಗಿರುವಾಗ ನ್ಯಾಯವಾಗಿ ಹಣ ಕೊಟ್ಟರೆ ವಿನ್ಯಾಸ ತನ್ನದೇ ಆಗಬಹುದಾದ ವರ್ತಕನು ಕದ್ದು ನಕಲು ಮಾಡಿಸಿ, ನಾಳೆ ನೆರೆಯ ಅಂಗಡಿಯವನೂ ಅದನ್ನೇ ಇಟ್ಟಾಗ ಕೇಳುವ ಹಕ್ಕಿಲ್ಲದೆ ಕುಳಿತುಕೊಳ್ಳುವುದರಲ್ಲಿ ಲಾಭವೆಲ್ಲಿದೆ? ಒಂದು ಮಾತು ಮಾತ್ರ ಸ್ಪಷ್ಟವಿರಬೇಕು. ತಾಂಡಾದ ಪಾರಂಪರಿಕ ಹೊಲಿಗೆ ಮತ್ತು ಚಿತ್ತಾರಗಳು ಹೊಸವಲ್ಲ. ಅವನ್ನು ವರ್ತಕನಾಗಲಿ ವಿನ್ಯಾಸಕಾರನಾಗಲಿ ತನ್ನ ಹೆಸರಿಗೆ ಬರೆಸಿಕೊಳ್ಳಲಾಗದು. ಹಾಗೆಯೇ ತಿಕೋಟಾದ ತಾಂಡಾದಲ್ಲಿ ಹೊಲಿಸಿದ ಮಾಲಿಗೆ "ಸಂಡೂರು ಲಂಬಾಣಿ" ಎಂಬ ಚೀಟಿ ಅಂಟಿಸುವುದು ಕಾನೂನುಬಾಹಿರ. ಮಗ್ಗ ಕಾಣದ ಸೀರೆಗೆ ಇಳಕಲ್ ಎಂಬ ಹೆಸರಿಡುವ ಅಭ್ಯಾಸವೂ ಇದೇ ಜಾತಿಯದು.

ಬಾಕಿ ಪಾವತಿಯ ವಿಷಯವು ಹೆಚ್ಚು ಕಹಿಯಾದುದು. ಸೂರತ್‌ನ ಸಗಟು ವ್ಯಾಪಾರಿಗೆ ಅವಧಿಗೆ ಸರಿಯಾಗಿ ಹಣ ಕಳುಹಿಸುವ ಅಂಗಡಿಗಳು ಸ್ಥಳೀಯ ವಿನ್ಯಾಸಕಾರರ ಬಿಲ್ಲನ್ನು ಆರಾರು ತಿಂಗಳು ತಳ್ಳುವುದುಂಟು. "ಮಾಲು ಹೋದ ಮೇಲೆ ನೋಡೋಣ" ಎಂಬ ಷರತ್ತಿನಲ್ಲಿ ಅಪಾಯವೆಲ್ಲ ಕೈಯಲ್ಲಿ ಬಂಡವಾಳವಿಲ್ಲದವರ ತಲೆಗೆ ಬೀಳುತ್ತದೆ. ಅವರು ತಾಂಡಾದ ಹೆಂಗಸರಿಗೆ ಕೂಲಿ ಕೊಡಲಾರರು. ಮರುಸಲ ಸೂಜಿ ಹಿಡಿಯಲು ಯಾರೂ ಸಿಗುವುದಿಲ್ಲ. ಉದ್ಯಮ್ ನೋಂದಣಿ ಪಡೆದ ಅತಿ ಸಣ್ಣ ಅಥವಾ ಸಣ್ಣ ಉತ್ಪಾದಕರಿಗೆ ಮತ್ತು ಸೇವೆ ನೀಡುವವರಿಗೆ, ಲಿಖಿತ ಕರಾರಿದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಸಬೇಕೆಂದು 2006ರ ಕಾಯಿದೆಯೇ ಹೇಳಿದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರ ಹಣಕಾಸು ವರ್ಷದಿಂದ ಆದಾಯ ತೆರಿಗೆಯೂ ಇದಕ್ಕೆ ಜೊತೆಗೂಡಿದೆ. ಅವಧಿ ಮೀರಿ ಬಾಕಿಯುಳಿದ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ವಿನ್ಯಾಸಕಾರರು ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಈ ರಕ್ಷಣೆ ಅವರಿಗೂ ದೊರೆಯುತ್ತದೆ. ಹಾಗೆ ನೋಂದಾಯಿಸಿಕೊಂಡವರೊಂದಿಗೆ ವ್ಯವಹಾರವೇ ಬೇಡವೆಂದು ದೂರ ಸರಿಯುವ ವರ್ತಕರೂ ಇದ್ದಾರೆಂಬುದು ವಿಷಾದದ ಸಂಗತಿ.

ದೋಷ ಒಂದೇ ಕಡೆಯಿದೆ ಎಂದು ಹೇಳುವುದು ಸರಿಯಾಗದು. ವಿನ್ಯಾಸಕಾರರಲ್ಲಿ ಹಲವರು ಮಾದರಿಯನ್ನು ಸೊಗಸಾಗಿ ತಂದು ತೋರಿಸಿ, ಐವತ್ತು ಉಡುಪು ಕೇಳಿದಾಗ ಐವತ್ತು ಬಗೆಯ ಅಳತೆಯಲ್ಲಿ ಕೊಡುತ್ತಾರೆ. ದಸರೆಯ ಮಾಲು ದೀಪಾವಳಿ ಕಳೆದ ಮೇಲೆ ಬರುತ್ತದೆ. ತೊಳೆದಾಗ ಬಣ್ಣ ಬಿಡುವ ದಾರದ ವಿಷಯದಲ್ಲಿ ಗಿರಾಕಿಯ ಬೈಗುಳ ತಿನ್ನುವವನು ಅಂಗಡಿಕಾರನೇ. ಮಾರಾಟದ ಕ್ರಮವೂ ಅನೇಕರಿಗೆ ತಿಳಿಯದು. ನೋಂದಣಿಯಿಲ್ಲದವರು 2023ರ ಅಕ್ಟೋಬರ್‌ನಿಂದ ಆನ್‌ಲೈನ್ ವೇದಿಕೆಗಳ ಮೂಲಕ ರಾಜ್ಯದೊಳಗೆ ಮಾತ್ರ ಸರಕು ಮಾರಬಹುದು. ಸೊಲ್ಲಾಪುರದ ಗಿರಾಕಿಗೆ ಆ ದಾರಿಯಿಂದ ಕಳುಹಿಸುವಂತಿಲ್ಲ. ಇಂತಹ ಕಡೆಗಳಲ್ಲಿ ಬಿಲ್ಲು, ಗೋದಾಮು, ಸಾಗಾಣಿಕೆ, ಸಾಲ ಎಲ್ಲವನ್ನೂ ಬಲ್ಲ ವರ್ತಕನು ಪಾಲುದಾರನಾಗಿ ನಿಂತರೆ ಇಬ್ಬರಿಗೂ ಅನುಕೂಲ. ನಾಲ್ಕು ಅಂಗಡಿಗಳು ಸೇರಿ ಒಂದು ಸಂಗ್ರಹದ ಶುಲ್ಕವನ್ನು ಹಂಚಿಕೊಂಡರೆ 40,000 ರೂ. ಭಾರವೆನಿಸದು.

ವಿನ್ಯಾಸಕಾರರನ್ನು ಎಲ್ಲಿ ಹುಡುಕುವುದು ಎಂಬ ಪ್ರಶ್ನೆಗೆ ಬೆಂಗಳೂರಿನ ಕಡೆಗೆ ಬೆರಳು ತೋರಿಸುವುದು ರೂಢಿ. ಅಲ್ಲಿಯ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳ ಪದವಿ ಪ್ರದರ್ಶನ, ಚಿತ್ರಕಲಾ ಪರಿಷತ್ತಿನ ಆವರಣದ ಕರಕುಶಲ ಮೇಳಗಳು ಖಂಡಿತ ಉಪಯುಕ್ತ. ಆದರೆ ತಾಂಡಾದಲ್ಲಿಯೇ ಹುಟ್ಟಿ, ಹೊಲಿಗೆಯನ್ನು ಅಜ್ಜಿಯಿಂದ ಕಲಿತು, ಪಟ್ಟಣದಲ್ಲಿ ಡಿಪ್ಲೊಮಾ ಓದಿದ ಹೆಣ್ಣುಮಗಳು ಈ ಕೆಲಸಕ್ಕೆ ಎಲ್ಲರಿಗಿಂತ ಯೋಗ್ಯಳು. ಅವಳನ್ನು ಕೈಹೊಲಿಗೆಯವಳೆಂದು ಮಾತ್ರ ಲೆಕ್ಕಹಾಕಿ, ವಿನ್ಯಾಸಕ್ಕೆ ಬೇರೆಯವರನ್ನು ಕರೆತರುವುದು ಹಳೆಯ ಮೇಲುಕೀಳಿನ ಮುಂದುವರಿಕೆಯೇ ಆದೀತು. ಸಿದ್ಧೇಶ್ವರ ಜಾತ್ರೆಯ ಸಮಯದಲ್ಲಿ ಇಂತಹವರಿಗಾಗಿ ಬಾಡಿಗೆಯಿಲ್ಲದ ಹತ್ತು ಮಳಿಗೆಗಳನ್ನು ಒದಗಿಸುವುದು ವರ್ತಕರ ಸಂಘಟನೆಗೆ ದೊಡ್ಡ ಮಾತಲ್ಲ. ವರ್ಷವಿಡೀ ಮಾಡುವ ಸನ್ಮಾನಗಳ ಶಾಲುಗಳ ಖರ್ಚಿನಲ್ಲಿ ಅದು ಮುಗಿಯುತ್ತದೆ, ಆ ಶಾಲುಗಳೂ ತಾಂಡಾದವೇ ಆಗಬಹುದು.

ಕೂಲಿಯ ದರವನ್ನು ನಿಗದಿಪಡಿಸುವಾಗ ಹೊಲದ ಕಡೆಗೆ ನೋಡಬೇಕು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಮೇಲೆ ತಿಕೋಟಾ, ಬಬಲೇಶ್ವರಗಳ ಹೊಲಗಳಲ್ಲಿ ಕೆಲಸ ಹೆಚ್ಚಿದೆ. ದ್ರಾಕ್ಷಿಯ ಚಾಟನಿಗೆ, ಮಣೂಕದ ಶೆಡ್ಡಿಗೆ ಕೈಗಳು ಬೇಕು. ದಿನಕ್ಕೆ ನೂರೈವತ್ತು ಕೊಟ್ಟು ಕಣ್ಣು ನೋಯುವ ಹೊಲಿಗೆ ಮಾಡಿಸುತ್ತೇವೆಂದರೆ ಯಾವ ತಾಯಿಯೂ ಬರಲಾರಳು. ಇನ್ನು ಹಲವು ಕುಟುಂಬಗಳು ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಗುಳೆ ಹೊರಟು ಯುಗಾದಿಯ ಹೊತ್ತಿಗೆ ಹಿಂದಿರುಗುತ್ತವೆ. ಮನೆಯಲ್ಲಿಯೇ ಹೊಲದ ಕೂಲಿಗೆ ಸಮನಾದ ಆದಾಯವಿದ್ದರೆ ಆ ಗುಳೆಯಲ್ಲಿ ಹೆಣ್ಣುಮಕ್ಕಳಾದರೂ, ಅವರೊಂದಿಗೆ ಶಾಲೆಯ ಮಕ್ಕಳಾದರೂ ಉಳಿದುಕೊಳ್ಳಬಹುದು. ಸದ್ಯಕ್ಕೆ ತಾಂಡಾದ ಪಂಚಾಂಗ ಹೀಗಿರುವುದರಿಂದ, ಸಂಕ್ರಾಂತಿಯ ಜಾತ್ರೆಗೆ ಮಾಲು ಬೇಕೆನ್ನುವ ವರ್ತಕನ ಮುಂಗಡ ಆಷಾಢದಲ್ಲಿಯೇ ಅಲ್ಲಿಗೆ ಮುಟ್ಟಿರಬೇಕಾಗುತ್ತದೆ.